ಬಿದ್ದ ಸೈಕಲ್ಲಿಗೆ ಬೀಗ ಹಾಕಬೇಡಿ

ನಮ್ಮ ಮನೆಗಳಲ್ಲಿ ಒಂದು ನ್ಯಾಯ ಬಹಳ ಕಾಲದಿಂದ ನಡೆದುಬಂದಿದೆ. ಮಳೆಯಲ್ಲಿ ಮಗ ಸೈಕಲ್ಲಿನಿಂದ ಬಿದ್ದು ಬಂದರೆ "ಹಾಳು ರಸ್ತೆ" ಎಂದು ಬೈಯುತ್ತೇವೆ. ಮಗಳು ಬಿದ್ದು ಬಂದರೆ "ನಿನಗೆ ಸೈಕಲ್ ಯಾಕೆ ಬೇಕಿತ್ತು?" ಎಂದು ಕೇಳುತ್ತೇವೆ. ಮಗನ ಸೈಕಲ್ಲು ಶಾಪಿಗೆ ಹೋಗುತ್ತದೆ. ಮಗಳ ಸೈಕಲ್ಲು ಮೆಟ್ಟಿಲ ಕೆಳಗಿನ ಸಂದಿ ಸೇರಿ, ಹಳೆಯ ಗೋಣಿಚೀಲ ಹೊದ್ದುಕೊಂಡು ತುಕ್ಕು ಹಿಡಿಯುತ್ತದೆ. ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬ ಗಾದೆ ಇದೆಯಲ್ಲ, ಅದರ ಮೊದಲ ಕಲ್ಲು ಹೆಣ್ಣುಮಕ್ಕಳ ಮೇಲೆ. ಎಸೆಯುವವರು ಎಷ್ಟೋ ಸಲ ತಾಯಂದಿರು, ಅತ್ತೆಯರು, ಪಕ್ಕದ ಮನೆಯವರೇ.

ನಾನು ಪಾಠ ಹೇಳುವುದು ಬೆಂಗಳೂರಿನ ಪೀಣ್ಯದ ಮಗ್ಗುಲಲ್ಲಿ. ಲೇತುಗಳು, ಸಣ್ಣ ಕಾರ್ಖಾನೆಗಳು, ಗಾರ್ಮೆಂಟ್ಸುಗಳು ಒತ್ತೊತ್ತಾಗಿರುವ ಜಾಗ. ತುಮಕೂರು ರಸ್ತೆಯ ಮೇಲೆ ಫ್ಲೈಓವರ್ ಬಂತು, 2015ರಲ್ಲಿ ನಾಗಸಂದ್ರದವರೆಗೆ ಮೆಟ್ರೋ ಬಂತು. ಆದರೆ ಒಳರಸ್ತೆಗಳಲ್ಲಿ ಮಕ್ಕಳು ಶಾಲೆಗೆ ಬರುವುದು ಈಗಲೂ ಲಾರಿ ಟೆಂಪೋಗಳ ನಡುವೆಯೇ. ವಾರಗಟ್ಟಲೆ ಸೋರಿದ ಡೀಸೆಲ್ಲು, ಆಯಿಲ್ಲು ಧೂಳಿನ ಜೊತೆ ರಸ್ತೆಗೆ ಅಂಟಿರುತ್ತದೆ. ಮೊದಲ ಮಳೆಯ ಹನಿ ಬಿದ್ದಾಗ ಅದು ಮೇಲೆ ತೇಲಿ, ರಸ್ತೆ ಎಣ್ಣೆ ಸವರಿದ ಕಾವಲಿಯಂತಾಗುತ್ತದೆ. ಜೋರು ಮಳೆ ಒಂದಷ್ಟು ಹೊತ್ತು ಹುಯ್ದು ತೊಳೆದರೆ ಪರವಾಗಿಲ್ಲ, ಅಪಾಯ ಮೊದಲ ತುಂತುರಿನಲ್ಲೇ. ಅದಕ್ಕೆ ಸೇರಿದಂತೆ ಬಿಳಿಬಣ್ಣದ ಪಟ್ಟೆಗಳು, ಚರಂಡಿಯ ಕಬ್ಬಿಣದ ಮುಚ್ಚಳಗಳು, ಗುಂಡಿಯ ಮೇಲೆ ಹಾಸಿದ ಕಬ್ಬಿಣದ ಹಾಳೆಗಳು. ಒದ್ದೆಯಾದಾಗ ಇವುಗಳ ಮೇಲೆ ಟೈರು ನಿಲ್ಲುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹುಡುಗಿಯರನ್ನು ಹಂಗಿಸುವವರು ಒಂದು ಸಲ ಇಲ್ಲಿಗೆ ಬಂದು ನೋಡಲಿ. ನೆಲ ನಿಜವಾಗಿಯೂ ಡೊಂಕಾಗಿದೆ.

ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ಹತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆಯೇ ಬಿದ್ದಳು. ಮೊಣಕಾಲು ತರಚಿತ್ತು, ಮೂಳೆಗೇನೂ ಆಗಿರಲಿಲ್ಲ. ಮರುದಿನದಿಂದ ಮೂರು ಕಿಲೋಮೀಟರು ನಡೆದು ಬರತೊಡಗಿದಳು. ಮೊದಲ ಪೀರಿಯಡ್ಡು ಗಣಿತ, ಅದು ದಿನವೂ ತಪ್ಪುತ್ತಿತ್ತು. ವಿಚಾರಿಸಿದರೆ, "ಅಪ್ಪ ಸೈಕಲ್ಲಿಗೆ ಬೀಗ ಹಾಕಿದ್ದಾರೆ ಮಿಸ್" ಎಂದಳು. ತಾಯಿಯನ್ನು ಕರೆಸಿದೆ. ಗಾರ್ಮೆಂಟ್ಸಿನಿಂದ ಅರ್ಧ ದಿನ ರಜ ಹಾಕಿ ಬಂದಿದ್ದ ಆಕೆ, "ಬೇಡಿ ಮೇಡಂ, ಅದರ ಸಹವಾಸ ಸಾಕು. ಎಸ್ಸೆಸ್ಸೆಲ್ಸಿ ಮುಗಿದರೆ ಸಾಕು ನಮಗೆ. ಕಾಲೇಜು ಇನ್ನೂ ದೂರ, ಹೆಂಗೆ ಕಳಿಸೋದು?" ಎಂದರು. ನೋಡಿ, ಬಿದ್ದದ್ದು ಸೈಕಲ್ಲಿನಿಂದ, ಮುರಿಯಲು ಹೊರಟಿದ್ದು ಓದು.

ಆ ಹುಡುಗಿಯ ತಂದೆ ಲೇತಿನ ಮೇಲೆ ಕೆಲಸ ಮಾಡುವವರು. ದಿನವಿಡೀ ಮೈಕ್ರೋಮೀಟರು ಹಿಡಿದು, ಕೂದಲೆಳೆಗಿಂತ ಸಣ್ಣ ವ್ಯತ್ಯಾಸವಿದ್ದರೂ ಆ ಭಾಗವನ್ನು ತೆಗೆದು ಪಕ್ಕಕ್ಕೆಸೆಯುವವರು. ಅಷ್ಟು ಬಲ್ಲವರು ಮಗಳ ಸೈಕಲ್ಲಿನ ಬ್ರೇಕು ಹಿಡಿದು ನೋಡಿರಲಿಲ್ಲ, ಬೀಗ ಹುಡುಕಿದರು. ಇದು ಬಡತನವಲ್ಲ, ತಿಳಿವಳಿಕೆಯ ಕೊರತೆಯೂ ಅಲ್ಲ. ಹುಡುಗಿಯ ವಸ್ತು ರಿಪೇರಿಗೆ ಯೋಗ್ಯವಲ್ಲ ಎನ್ನುವ ಮನಸ್ಸು.

ಇದಕ್ಕೆ ಎದುರಾಗಿ ಇನ್ನೊಂದು ಲೋಕವಿದೆ. ನನ್ನ ಸಹೋದ್ಯೋಗಿಯ ಮಗ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಭಾನುವಾರ ಬೆಳಿಗ್ಗೆ ತೆಳ್ಳನೆಯ ಟೈರಿನ, ಬಾಗಿದ ಕೊಂಬಿನ ಹ್ಯಾಂಡಲ್ಲಿನ ದುಬಾರಿ ರೋಡ್ ಬೈಕ್ ಓಡಿಸುತ್ತಾನೆ. ಅವನೂ ಮಳೆಯಲ್ಲಿ ಬಿದ್ದ. ಮನೆಯಲ್ಲಿ ಯಾರೂ ಬೀಗ ಹಾಕಲಿಲ್ಲ. ಒಂದು ಗಂಟೆ ಕೂತು, ಡಾಕ್ಟರು ರೋಗಿಯನ್ನು ನೋಡುವಂತೆ ಸೈಕಲ್ಲನ್ನು ನೋಡಿದ. ನಾನು ಕೇಳಿಕೊಂಡಾಗ ಒಂದು ಶನಿವಾರ ಮಧ್ಯಾಹ್ನ ಶಾಲೆಗೆ ಬಂದು ನಮ್ಮ ಹುಡುಗಿಯರಿಗೂ ತೋರಿಸಿದ. ಅದನ್ನು ನಿಮಗೂ ಹೇಳುತ್ತೇನೆ, ಕೇಳಿ.

ಮೊದಲು ಬಿದ್ದವರನ್ನು ನೋಡಬೇಕು. ತಲೆಗೆ ಪೆಟ್ಟಾಗಿ ಮಂಪರು, ವಾಂತಿ ಇದ್ದರೆ ಸೈಕಲ್ಲಿನ ಮಾತು ಆಮೇಲೆ, ಆಸ್ಪತ್ರೆ ಮೊದಲು. ಹೆಲ್ಮೆಟ್ಟಿಗೆ ಪೆಟ್ಟು ಬಿದ್ದಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಬದಲಿಸಬೇಕು. ಒಳಗಿನ ಥರ್ಮೊಕೋಲ್ ಒಂದೇ ಸಲ ಪೆಟ್ಟು ನುಂಗುವಂಥದು. ಆಮೇಲೆ ಸೈಕಲ್ಲು. ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಹಿಡಿದು, ಹ್ಯಾಂಡಲ್ಲು ಅದಕ್ಕೆ ನೇರವಾಗಿದೆಯೇ ನೋಡಬೇಕು. ಚಕ್ರ ಎತ್ತಿ ತಿರುಗಿಸಿ, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದು ಒಂದೇ ಸಮನಿದೆಯೇ ನೋಡಬೇಕು. ಸಂದು ಹಿಗ್ಗಿ ಕುಗ್ಗಿದರೆ ಚಕ್ರ ಬೆಂಡಾಗಿದೆ ಎಂದರ್ಥ. ಕಡ್ಡಿಗಳನ್ನು ವೀಣೆಯ ತಂತಿಯಂತೆ ಮೀಟಿದರೆ ಸಡಿಲವಾದದ್ದು ಸಪ್ಪೆಯಾಗಿ ನುಡಿಯುತ್ತದೆ. ಮುಂದಿನ ಬ್ರೇಕು ಒತ್ತಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಹ್ಯಾಂಡಲ್ಲಿನ ಬುಡದಲ್ಲಿ ಕಟಕಟ ಎಂದರೆ ಅಲ್ಲಿ ಸಡಿಲವಾಗಿದೆ. ಹ್ಯಾಂಡಲ್ಲಿನ ಕೆಳಗೆ ಫ್ರೇಮಿನ ಕೊಳವೆಗಳು ಕೂಡುವ ಕಡೆ ಬಣ್ಣ ಸುಕ್ಕುಗಟ್ಟಿದ್ದರೆ, ಸೀಳಿದ್ದರೆ, ಆ ಸೈಕಲ್ಲು ಹತ್ತಕೂಡದು.

ಗೇರಿನ ಸೈಕಲ್ಲು ಬಲಕ್ಕೆ ಬಿದ್ದರೆ ಹಿಂದಿನ ಚಕ್ರದ ಬಳಿ ಗೇರು ತೂಗುವ ಸಣ್ಣ ಕೊಂಡಿ ಒಳಕ್ಕೆ ಬಾಗುತ್ತದೆ. ನೋಡದೆ ದೊಡ್ಡ ಹಲ್ಲಿನ ಚಕ್ರಕ್ಕೆ ಚೈನು ಹಾಕಿದರೆ ಗೇರು ಕಡ್ಡಿಗಳಿಗೆ ಸಿಕ್ಕಿ ಇಡೀ ಚಕ್ರವನ್ನೇ ಹಾಳುಮಾಡುತ್ತದೆ. ಕಾರ್ಬನ್ನಿನ ಫ್ರೇಮಾದರೆ ಹೊರಗೆ ಚೆನ್ನಾಗಿ ಕಂಡು ಒಳಗೆ ಬಿರುಕಿರಬಹುದು, ಅದನ್ನು ಬಲ್ಲವರಿಗೇ ತೋರಿಸಬೇಕು. ನಮ್ಮ ಹುಡುಗಿಯರ ಉಕ್ಕಿನ ಲೇಡೀಸ್ ಸೈಕಲ್ಲು ಅಷ್ಟು ಮೋಸ ಮಾಡುವುದಿಲ್ಲ, ಮುರಿಯುವ ಮೊದಲು ಸಾಮಾನ್ಯವಾಗಿ ಬಾಗಿ ಹೇಳುತ್ತದೆ. ಅದರಲ್ಲಿ ಕೆಡುವುದು ಹೆಚ್ಚಾಗಿ ಬ್ರೇಕಿನ ಸರಳು, ನಜ್ಜುಗುಜ್ಜಾದ ಚೈನ್‌ಕವರು, ಬಾಗಿದ ಪೆಡಲ್ಲು. ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕು ಬಹಳ ದೂರದವರೆಗೆ ಹಿಡಿಯುವುದಿಲ್ಲ. ಮಳೆಯಲ್ಲಿ ಮೊದಲೇ ಮೆಲ್ಲಗೆ ಒತ್ತುತ್ತ ರಿಮ್ಮಿನ ನೀರು ಒರೆಸಬೇಕು. ಮನೆಗೆ ಬಂದ ಮೇಲೆ ಚೈನು ಒರೆಸಿ ಎಣ್ಣೆ ಬಿಡಬೇಕು, ರಿಮ್ಮಿಗೆ ಮಾತ್ರ ಎಣ್ಣೆ ತಾಗಬಾರದು.

ಆ ಹುಡುಗಿಯ ಸೈಕಲ್ಲಿನಲ್ಲಿ ಕೆಟ್ಟಿದ್ದೇನು ಗೊತ್ತೇ? ಹ್ಯಾಂಡಲ್ಲು ಸೊಟ್ಟಗಾಗಿತ್ತು, ಬ್ರೇಕಿನ ಒಂದು ಸರಳು ಬಾಗಿತ್ತು. ನೂರೈವತ್ತು ರೂಪಾಯಿಯ ಕೆಲಸ. ಒಂದು ಹೆಣ್ಣಿನ ಕಾಲೇಜಿಗೆ ಅಡ್ಡ ನಿಂತಿದ್ದ ಗೋಡೆ ಇಷ್ಟೆ.

2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿ ಹಳ್ಳಿಗಳಲ್ಲಿ ಹುಡುಗಿಯರು ಸಾಲಾಗಿ ಸೈಕಲ್ ತುಳಿದು ಬರುವ ನೋಟ ಕಣ್ಣಿಗೆ ಹಬ್ಬವಾಗಿತ್ತು. 2020ರಲ್ಲಿ ಕೊರೋನಾ ಬಂದಾಗ ವಿತರಣೆ ನಿಂತಿತು. ಕೊಟ್ಟವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಸೈಕಲ್ಲಿನ ಜೊತೆಗೆ ಒಂದು ಸ್ಪ್ಯಾನರನ್ನೂ ಒಂದು ದಿನದ ಪಾಠವನ್ನೂ ಕೊಟ್ಟಿದ್ದರೆ ಎಷ್ಟು ಸೈಕಲ್ಲುಗಳು ಗೋಣಿಚೀಲದಿಂದ ಪಾರಾಗುತ್ತಿದ್ದವು! ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ, ಶೀಲಾ ರಾಣಿ ಚುಂಕತ್ ಅವರು ಜಿಲ್ಲಾಧಿಕಾರಿಯಾಗಿದ್ದಾಗ, ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಕಲಿಯುವಾಗ ಅವರೂ ಬಿದ್ದಿರಲೇಬೇಕು. ಬಿದ್ದದ್ದಕ್ಕೆ ಬಿಟ್ಟಿದ್ದರೆ ಆ ಆಂದೋಲನವೆಲ್ಲಿ ನಡೆಯುತ್ತಿತ್ತು?

"2023ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ ಇದೆಯಲ್ಲ, ಸೈಕಲ್ ಯಾಕೆ?" ಎನ್ನುವವರಿದ್ದಾರೆ. ಶಕ್ತಿ ಯೋಜನೆ ಬಹಳ ಒಳ್ಳೆಯದು, ನಾನೂ ಅದರಲ್ಲೇ ಓಡಾಡುತ್ತೇನೆ. ಆದರೆ ಬಸ್ಸು ಮುಖ್ಯರಸ್ತೆಯಲ್ಲಿ ನಿಲ್ಲುತ್ತದೆ, ಮನೆ ಎಲ್ಲೋ ಒಳಗಿರುತ್ತದೆ. "ಅಪಾಯ" ಎನ್ನುವವರಿಗೂ ನನ್ನ ಉತ್ತರ ಇದೆ. ಅಪಾಯ ರಸ್ತೆಯಲ್ಲಿದ್ದರೆ ರಸ್ತೆ ಸರಿಮಾಡಿಸಿ, ಬ್ರೇಕಿನಲ್ಲಿದ್ದರೆ ಬ್ರೇಕು ಸರಿಮಾಡಿಸಿ. ಹುಡುಗಿಯನ್ನು ಒಳಗೆ ಕೂರಿಸಿದರೆ ಎರಡೂ ಸರಿಯಾಗುವುದಿಲ್ಲ.

ಆದ್ದರಿಂದ ತಾಯಂದಿರೇ, ಮಗಳು ಒದ್ದೆಯಾಗಿ, ಮೊಣಕಾಲು ತರಚಿಕೊಂಡು ಬಂದರೆ ಗಾಯ ತೊಳೆದು ಮುಲಾಮು ಹಚ್ಚಿ, ಒಂದು ಲೋಟ ಬಿಸಿ ಹಾಲು ಕೊಡಿ. ಆಮೇಲೆ ಇಬ್ಬರೂ ಅಂಗಳಕ್ಕೆ ಹೋಗಿ ಚಕ್ರ ತಿರುಗಿಸಿ ನೋಡಿ. ಶಾಪಿನವನು "ಏನೂ ಆಗಿಲ್ಲ ಬಿಡಿ ಅಮ್ಮಾ" ಎಂದರೆ, ಇಲ್ಲಿ ಬೆಂಡಾಗಿದೆ ನೋಡಿ ಎಂದು ಬೆರಳಿಟ್ಟು ತೋರಿಸುವಷ್ಟು ಅವಳು ಕಲಿಯಲಿ. ಬೀಗ ಕಳ್ಳರಿಗಾಗಿ ಇರಲಿ, ಅದರ ಕೀಲಿ ಮಗಳ ಕೈಯಲ್ಲೇ ಇರಲಿ.