ಹಳೆಯ ವಾಹನ: ದುರಸ್ತಿಯೋ, ವಿಲೇವಾರಿಯೋ?

ಸಣ್ಣ ಕೈಗಾರಿಕೆ ಹಾಗೂ ಸಗಟು ವ್ಯಾಪಾರದ ಲೆಕ್ಕಪುಸ್ತಕಗಳಲ್ಲಿ ಯಂತ್ರಕ್ಕೆ ದೊರೆಯುವ ಗಮನ ವಾಹನಕ್ಕೆ ದೊರೆಯುವುದಿಲ್ಲ. ಒಂದು ಲೇತ್ ಯಂತ್ರವನ್ನು ಬದಲಾಯಿಸುವ ಮುನ್ನ ಮೂರು ಕಡೆಗಳಿಂದ ದರಪಟ್ಟಿ ತರಿಸಿಕೊಳ್ಳುವ ಉದ್ಯಮಿ, ಹತ್ತು ಹನ್ನೆರಡು ವರ್ಷ ದುಡಿದ ಸರಕು ವಾಹನದ ಅಥವಾ ಕಾರಿನ ಭವಿಷ್ಯವನ್ನು ಗ್ಯಾರೇಜಿನ ಅಂಗಳದಲ್ಲಿ ನಿಂತ ನಿಲುವಿನಲ್ಲೇ ತೀರ್ಮಾನಿಸುತ್ತಾರೆ. ಇಂಜಿನ್ ಬಿಚ್ಚಿಯಾಗಿರುತ್ತದೆ, ಗಿರಾಕಿಗೆ ತಲುಪಬೇಕಾದ ಸರಕು ಗೋದಾಮಿನಲ್ಲಿ ಕುಳಿತಿರುತ್ತದೆ, ಮೆಕ್ಯಾನಿಕ್ ಉತ್ತರಕ್ಕಾಗಿ ಕಾಯುತ್ತಿರುತ್ತಾನೆ. ಅಂತಹ ಘಳಿಗೆಯಲ್ಲಿ ಕೈಗೊಂಡ ನಿರ್ಧಾರ ಲೆಕ್ಕಾಚಾರದ ಫಲವಾಗಿರುವುದಕ್ಕಿಂತ ಆತುರದ ಅಥವಾ ಬೇಸರದ ಫಲವಾಗಿರುವುದೇ ಹೆಚ್ಚು.

ಈ ವಿಷಯದಲ್ಲಿ ವರ್ತಕರಲ್ಲಿ ಎರಡು ವಾದಗಳು ಬಹುಕಾಲದಿಂದ ಬೇರೂರಿವೆ. ದುರಸ್ತಿಯ ವೆಚ್ಚ ವಾಹನದ ಮಾರಾಟ ಬೆಲೆಯ ಅರ್ಧವನ್ನು ಮೀರಿದರೆ ಅದನ್ನು ಮಾರಿಬಿಡಬೇಕೆಂಬುದು ಮೊದಲನೆಯದು. ಕಳೆದ ವರ್ಷವಷ್ಟೇ ಕ್ಲಚ್, ಟೈರು, ಬ್ಯಾಟರಿಗಳಿಗೆ ಇಷ್ಟು ಹಣ ಸುರಿದಿರುವಾಗ ಈಗ ಕೈಬಿಡುವುದು ಹೇಗೆ ಎಂಬುದು ಎರಡನೆಯದು. ಎರಡನೆಯ ವಾದವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು: ಖರ್ಚಾಗಿ ಹೋದ ಹಣ ಯಾವ ತೀರ್ಮಾನದಿಂದಲೂ ಮರಳಿ ಬರುವುದಿಲ್ಲ. ಮೊದಲನೆಯ ವಾದ ಮೇಲ್ನೋಟಕ್ಕೆ ವಿವೇಕಯುತವಾಗಿ ಕಂಡರೂ ತುಲನೆಯೇ ಅಲ್ಲಿ ತಪ್ಪಿದೆ. ವಾಹನವನ್ನು ಗುಜರಿಗೆ ಹಾಕಿದ ಮಾತ್ರಕ್ಕೆ ಸರಕು ತಾನಾಗಿ ಮಾರುಕಟ್ಟೆಗೆ ಹೋಗಲಾರದು; ಅದರ ಬದಲಿಗೆ ಇನ್ನೊಂದು ವಾಹನ ಬೇಕೇ ಬೇಕು. ಆದ್ದರಿಂದ ದುರಸ್ತಿಯ ವೆಚ್ಚವನ್ನು ತೂಗಬೇಕಾದದ್ದು ಹಳೆಯ ವಾಹನದ ಬೆಲೆಯೊಡನೆ ಅಲ್ಲ, ಬದಲಿ ವಾಹನ ತಿಂಗಳಿಗೆ ತಿನ್ನುವ ಹಣದೊಡನೆ.

ಒಂದು ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸಬಹುದು. ಹನ್ನೊಂದು ವರ್ಷದ ಸಣ್ಣ ಡೀಸೆಲ್ ಸರಕು ವಾಹನವೊಂದಕ್ಕೆ ಇಂಜಿನ್ ಬೋರ್ ಮಾಡಿಸಿ ಪೂರ್ಣ ದುರಸ್ತಿಗೊಳಿಸಲು 85,000 ರೂ. ಬೇಕು ಎಂದಿಟ್ಟುಕೊಳ್ಳೋಣ. ಆ ಬಳಿಕ ಅದು ಎರಡು ವರ್ಷ ನೆಮ್ಮದಿಯಾಗಿ ಓಡಿದರೆ ಈ ವೆಚ್ಚ ತಿಂಗಳಿಗೆ ಸುಮಾರು 3,540 ರೂ. ಆಗುತ್ತದೆ. ವರ್ಷಕ್ಕೆ 40,000 ರೂ.ಗಳ ಸಾಮಾನ್ಯ ನಿರ್ವಹಣೆ ಎಂದರೆ ತಿಂಗಳಿಗೆ 3,330 ರೂ. ಇಂದು 1,40,000 ರೂ. ಬಾಳುವ ವಾಹನ ಎರಡು ವರ್ಷಗಳ ನಂತರ 90,000 ರೂ.ಗೆ ಇಳಿದರೆ ತಿಂಗಳಿಗೆ 2,080 ರೂ. ಬೆಲೆ ಕುಸಿತ. ಒಟ್ಟಿನಲ್ಲಿ ತಿಂಗಳಿಗೆ 8,950 ರೂ. ಆಸುಪಾಸು. ಇನ್ನು ಹೊಸ ವಾಹನದ ಕಡೆ ನೋಡಿದರೆ, ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ ಕಳೆದು 6,25,000 ರೂ. ಬೆಲೆ, 1,25,000 ರೂ. ಮುಂಗಡ, ಉಳಿದ 5 ಲಕ್ಷಕ್ಕೆ ಶೇ. 11ರ ಬಡ್ಡಿಯಲ್ಲಿ ಐದು ವರ್ಷಗಳ ಸಾಲ. ಮಾಸಿಕ ಕಂತು ಸುಮಾರು 10,870 ರೂ. ಐದು ವರ್ಷಗಳ ಕೊನೆಯಲ್ಲಿ ವಾಹನ 2,50,000 ರೂ.ಗೆ ಮಾರಾಟವಾಗುತ್ತದೆ ಎಂದು ಹಿಡಿದರೆ, ಅದನ್ನು ಕಳೆದ ನಿವ್ವಳ ಹೊರೆ ತಿಂಗಳಿಗೆ 8,780 ರೂ. ನಿರ್ವಹಣೆಗೂ ಹೆಚ್ಚುವರಿ ವಿಮೆಗೂ ತಲಾ 1,500 ರೂ. ಸೇರಿಸಿದರೆ 11,780 ರೂ. ಅಂದರೆ ಹೊಸತು ಹಳೆಯದಕ್ಕಿಂತ ತಿಂಗಳಿಗೆ ಸುಮಾರು 2,800 ರೂ. ದುಬಾರಿ.

ಈ ಅಂತರವನ್ನು ಇಂಧನ ತುಂಬಿಕೊಡಬಲ್ಲುದೇ ಎಂಬುದು ಮುಂದಿನ ಪ್ರಶ್ನೆ. ಹಳೆಯದು ಲೀಟರಿಗೆ 14 ಕಿ.ಮೀ., ಹೊಸತು 18 ಕಿ.ಮೀ. ಕೊಡುತ್ತದೆ, ಡೀಸೆಲ್ ಲೀಟರಿಗೆ 90 ರೂ. ಎನ್ನೋಣ. ಊರೊಳಗೇ ತಿರುಗುತ್ತ ತಿಂಗಳಿಗೆ 1,200 ಕಿ.ಮೀ. ಓಡುವ ವಾಹನದಲ್ಲಿ ಉಳಿಯುವುದು ಸುಮಾರು 1,700 ರೂ. ಮಾತ್ರ, ದುರಸ್ತಿಯೇ ಲೇಸು. ದಾವಣಗೆರೆಯಿಂದ ಹುಬ್ಬಳ್ಳಿಗೆ, ತುಮಕೂರಿನಿಂದ ಬೆಂಗಳೂರಿಗೆ ನಿತ್ಯ ಎಡತಾಕುತ್ತ ತಿಂಗಳಿಗೆ 4,000 ಕಿ.ಮೀ. ಕ್ರಮಿಸುವ ವಾಹನದಲ್ಲಿ ಅದೇ ಉಳಿತಾಯ 5,700 ರೂ. ದಾಟುತ್ತದೆ, ಅಲ್ಲಿ ಹೊಸತೇ ಅಗ್ಗ. ವಾಹನದ ವಯಸ್ಸಿಗಿಂತ ಅದು ಮುಂದೆ ಓಡಬೇಕಾದ ದೂರವೇ ನಿರ್ಣಾಯಕ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ. ಅಂಕಿಗಳನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಪುಸ್ತಕದಿಂದ ತುಂಬಿಕೊಳ್ಳಬೇಕಷ್ಟೆ.

ಆದರೆ ಈ ಲೆಕ್ಕದಲ್ಲಿ ಒಂದು ಬಾಬು ಇನ್ನೂ ಸೇರಿಲ್ಲ. ಬಹುತೇಕ ವರ್ತಕರ ಪುಸ್ತಕದಲ್ಲಿಯೂ ಅದು ಇರುವುದಿಲ್ಲ. ವಾಹನ ನಿಂತ ದಿನದ ನಷ್ಟವೇ ಅದು. ಊರೊಳಗಿನ ವಾಹನದಲ್ಲಿ ದುರಸ್ತಿಯ ಪರವಾಗಿ ಉಳಿಯುವುದು ತಿಂಗಳಿಗೆ 1,100 ರೂ. ತಿಂಗಳಲ್ಲಿ ಒಂದು ದಿನ ಅದು ರಸ್ತೆಬದಿಯಲ್ಲಿ ನಿಂತು, ಬಾಡಿಗೆ ವಾಹನಕ್ಕೆ 1,500 ರೂ. ಹೆಚ್ಚುವರಿಯಾಗಿ ತೆರಬೇಕಾದರೆ ಆ ಲಾಭ ಅಲ್ಲಿಗೇ ಕರಗಿತು. ಗಿರಾಕಿಯ ಬಳಿ ಮಾತು ತಪ್ಪಿದ್ದರ ಬೆಲೆಯಂತೂ ಯಾವ ಖಾತೆಯಲ್ಲೂ ಜಮೆಯಾಗುವುದಿಲ್ಲ. ಹಾಲು, ತರಕಾರಿ, ಬೇಕರಿ ತಿನಿಸು, ಔಷಧಿಗಳಂತಹ ಸರಕಿನ ವ್ಯಾಪಾರಿಗಳಿಗೆ ಒಂದು ಮುಂಜಾನೆಯ ವಿಳಂಬವೇ ಒಂದು ಅಂಗಡಿಯನ್ನು ಶಾಶ್ವತವಾಗಿ ಕಳೆದುಕೊಳ್ಳಲು ಸಾಕು. ಸಿಮೆಂಟು, ಕಬ್ಬಿಣ, ಹಂಚುಗಳ ವ್ಯಾಪಾರದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಆದ್ದರಿಂದ ಒಂದೇ ವಯಸ್ಸಿನ, ಒಂದೇ ಮಾದರಿಯ ಎರಡು ವಾಹನಗಳಿಗೆ ಎರಡು ಬೇರೆ ಉತ್ತರಗಳು ದೊರೆತರೆ ಆಶ್ಚರ್ಯಪಡಬೇಕಾದ್ದಿಲ್ಲ. ವಾಹನಕ್ಕೊಂದು ದಿನಚರಿ ಪುಸ್ತಕವಿಟ್ಟು, ಹಾಕಿಸಿದ ಡೀಸೆಲ್, ಓಡಿದ ದೂರ, ನಿಂತ ದಿನ ಎಂಬ ಮೂರನ್ನು ಬರೆದಿಡುವ ಪದ್ಧತಿ ಲಾರಿ ಮಾಲೀಕರಲ್ಲಿ ಹಿಂದಿನಿಂದಲೂ ಇದೆ. ಅಂಗಡಿ, ಕಾರ್ಖಾನೆಗಳಲ್ಲಿ ಅದು ಅಪರೂಪ.

ದುರಸ್ತಿಯಲ್ಲೂ ತರತಮಗಳಿವೆ. ಇಂಜಿನ್, ಗೇರ್ ಬಾಕ್ಸ್, ಕ್ಲಚ್, ಕಮಾನು ಪಟ್ಟೆಗಳ ಸವೆತಕ್ಕೆ ಮದ್ದಿದೆ. ಬಿಡಿಭಾಗ ಬದಲಾಯಿಸಿದರೆ ಆಯುಷ್ಯ ಮರಳುತ್ತದೆ. ಚಾಸಿಸ್ ಬಿರುಕು ಬಿಟ್ಟಿದ್ದರೆ ಅಥವಾ ಕಾರಿನ ತಳಭಾಗವನ್ನೇ ತುಕ್ಕು ತಿಂದಿದ್ದರೆ ಪ್ಯಾಚ್ ಬೆಸುಗೆ, ಬಣ್ಣಗಳು ನೋಟವನ್ನು ಮಾತ್ರ ತಿದ್ದುತ್ತವೆ. ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿ ಮತ್ತು ಮಳೆಗೆ ಒಡ್ಡಿಕೊಂಡ ವಾಹನವೂ ಬಯಲುಸೀಮೆಯ ಒಣಹವೆಯಲ್ಲಿ ಓಡಿದ ವಾಹನವೂ ಒಂದೇ ವರ್ಷದವಾದರೂ ಸಮವಯಸ್ಕರಲ್ಲ. ತುಕ್ಕು ಒಳಹೊಕ್ಕ ವಾಹನಕ್ಕೆ ಇಂಜಿನ್ ಬೋರ್ ಮಾಡಿಸುವುದು ಶುದ್ಧ ಅಪವ್ಯಯ. ಇನ್ನೊಂದು ಮಾತು. ದುರಸ್ತಿ ಮಾಡುವವನನ್ನೇ ದುರಸ್ತಿ ಬೇಕೇ ಎಂದು ಕೇಳುವುದೂ, ಶೋರೂಮಿನವರನ್ನು ಹೊಸತು ಬೇಕೇ ಎಂದು ಕೇಳುವುದೂ ಒಂದೇ ಬಗೆಯ ಅಮಾಯಕತೆ. ಎರಡರಲ್ಲೂ ಆಸಕ್ತಿಯಿಲ್ಲದ ಮೂರನೆಯ ಮೆಕ್ಯಾನಿಕ್‌ನಿಂದ ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆ ಮಾಡಿಸಲು ತಗಲುವ ಅಲ್ಪ ವೆಚ್ಚ ವ್ಯರ್ಥವಾಗದು.

ಕಾನೂನಿನ ಬಗ್ಗೆ ಹರಡಿರುವ ಭೀತಿಯನ್ನೂ ಇಲ್ಲಿ ನಿವಾರಿಸಬೇಕು. ಹದಿನೈದು ವರ್ಷ ತುಂಬಿದೊಡನೆ ವಾಹನ ರಸ್ತೆಗಿಳಿಯುವಂತಿಲ್ಲ ಎಂಬ ಮಾತು ಪೇಟೆಯಲ್ಲಿ ಆಗಾಗ ಕೇಳಿಬರುತ್ತದೆ. ಹತ್ತು ವರ್ಷ ಮೀರಿದ ಡೀಸೆಲ್ ಹಾಗೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಬಿಗಿಯಾದ ನಿರ್ಬಂಧ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಅದನ್ನು ಕರ್ನಾಟಕಕ್ಕೆ ಅನ್ವಯಿಸಿಕೊಂಡು ಗಾಬರಿಗೊಳ್ಳುವ ಅಗತ್ಯವಿಲ್ಲ. 2023ರ ಏಪ್ರಿಲ್ 1ರಿಂದ ನೋಂದಣಿ ನವೀಕರಣ ನಿಂತಿರುವುದು ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳಿಗೆ. ಖಾಸಗಿ ಕಾರು ತಪಾಸಣೆಯಲ್ಲಿ ತೇರ್ಗಡೆಯಾದರೆ ಐದು ವರ್ಷಗಳಿಗೆ ನವೀಕರಣ ದೊರೆಯುತ್ತದೆ. ಆದರೆ ಅದರ ಬೆಲೆ ಏರಿದೆ. 600 ರೂ. ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಯಿತು, ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂ.ಗೆ ಏರಿಸಲಾಯಿತು. ಸರಕು ವಾಹನವಾದರೆ ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಆ ಬಳಿಕ ಪ್ರತಿವರ್ಷವೂ ಎಫ್.ಸಿ. ಮಾಡಿಸಬೇಕು. ಎಫ್.ಸಿ.ಗೆ ಮುನ್ನ ಬಣ್ಣ, ಟಿಂಕರಿಂಗ್, ಟೈರುಗಳಿಗೆಂದು ಆಗುವ ವೆಚ್ಚವನ್ನೂ ಒಂದೆರಡು ದಿನಗಳ ಕೆಲಸ ನಷ್ಟವನ್ನೂ ವಾರ್ಷಿಕ ಲೆಕ್ಕಕ್ಕೆ ಸೇರಿಸದೆ ಹಳೆಯ ವಾಹನ ಅಗ್ಗವೆಂದು ಹೇಳಲಾಗದು.

ವಿಮೆಯ ಸೂಕ್ಷ್ಮವನ್ನು ಅನೇಕರು ಅಪಘಾತವಾದ ಮೇಲಷ್ಟೇ ಅರಿಯುತ್ತಾರೆ. ವಾಹನದ ವಿಮಾ ಮೌಲ್ಯ ಐದನೆಯ ವರ್ಷದ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ. ಆಮೇಲಿನದು ವಿಮಾ ಕಂಪನಿ ಹಾಗೂ ಮಾಲೀಕರ ನಡುವಿನ ಒಪ್ಪಂದ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50ರಷ್ಟು ಸವಕಳಿ ಕಡಿತ. ಹತ್ತು ವರ್ಷ ಮೀರಿದ ವಾಹನದ ಲೋಹದ ಭಾಗಗಳಿಗೂ ಶೇ. 50. ದುರಸ್ತಿಯ ಒಟ್ಟು ವೆಚ್ಚ ವಿಮಾ ಮೌಲ್ಯದ ಶೇ. 75ನ್ನು ಮೀರಿದರೆ ಪೂರ್ಣನಷ್ಟವೆಂದು ಪರಿಗಣಿಸಿ ಇತ್ಯರ್ಥ. ಹೀಗಾಗಿ 85,000 ರೂ. ಸುರಿದು ಇಂಜಿನ್ ಹೊಸದಾಗಿಸಿದ ವಾಹನ ಮರುತಿಂಗಳೇ ಅಪಘಾತಕ್ಕೀಡಾದರೆ ಆ ದುರಸ್ತಿಯ ಹಣ ವಿಮೆಯಿಂದ ಮರಳುವ ಭರವಸೆಯಿಲ್ಲ. ದೊಡ್ಡ ದುರಸ್ತಿಯ ನಂತರ ವಿಮಾ ಮೌಲ್ಯವನ್ನು ಕುರಿತು ಕಂಪನಿಯೊಡನೆ ಲಿಖಿತವಾಗಿ ಮಾತನಾಡುವುದು ಸೂಕ್ತ.

ತೆರಿಗೆ ಉಳಿಸಲು ಹೊಸ ಕಾರು ಕೊಳ್ಳಿರಿ ಎಂಬ ಮಾರ್ಚ್ ತಿಂಗಳ ಸಲಹೆ ಪ್ರತಿವರ್ಷವೂ ಕೇಳಿಬರುವಂಥದು. ವ್ಯವಹಾರಕ್ಕೆ ಬಳಸುವ ಕಾರಿಗೆ ಆದಾಯ ತೆರಿಗೆಯಲ್ಲಿ ದೊರೆಯುವ ಸವಕಳಿ ಶೇ. 15. ಎಂಟು ಲಕ್ಷದ ಕಾರಿಗೆ ಮೊದಲ ವರ್ಷ 1,20,000 ರೂ.; ಶೇ. 30ರ ದರದಲ್ಲಿ ತೆರಿಗೆ ತೆರುವವರಿಗೂ ಉಳಿಯುವುದು 36,000 ರೂ. ಮಾತ್ರ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರಲ್ಲಿಯೂ ಅರ್ಧ. ಮಾರ್ಚ್‌ನಲ್ಲಿ ಕೊಂಡವರಿಗೆ 18,000 ರೂ. ಉಳಿಸಲು ಎಂಟು ಲಕ್ಷ ತೊಡಗಿಸಿದ ಸಮಾಧಾನ! ಇತ್ತ ಸಾಮಾನ್ಯ ದುರಸ್ತಿಯ ವೆಚ್ಚವನ್ನು ಅದೇ ವರ್ಷ ಪೂರ್ತಿಯಾಗಿ ಕಳೆಯಬಹುದು. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವುದಷ್ಟೇ ಚಾಲ್ತಿ ದುರಸ್ತಿ ಎಂದು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆ ಗೆರೆ ದಾಟುವ ವೆಚ್ಚದ ಬಗ್ಗೆ ಲೆಕ್ಕಪರಿಶೋಧಕರ ಸಲಹೆ ಅಗತ್ಯ. ಜಿಎಸ್‌ಟಿಯಲ್ಲಿ ಸರಕು ವಾಹನದ ಖರೀದಿಗೂ ದುರಸ್ತಿಗೂ ತೆರಿಗೆ ಜಮೆ ಸಿಗುತ್ತದೆ, ರಾಜಿ ತೆರಿಗೆ ಪದ್ಧತಿಯಲ್ಲಿರುವವರ ಹೊರತಾಗಿ. ಮಾಲೀಕರ ಓಡಾಟದ ಕಾರಿಗೆ ಎರಡರಲ್ಲೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು ಹಾಗೂ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಹೊಸತಿನ ಪರವಾಗಿ ತಕ್ಕಡಿಯನ್ನು ಸ್ವಲ್ಪ ಬಾಗಿಸಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅದೇ ಇಳಿಕೆ ಬಳಸಿದ ವಾಹನಗಳ ಬೆಲೆಯನ್ನೂ ಎಳೆದುಬಿಡುವಂಥದು. ಕೊಡುವ ಹಳೆಯದರ ಬೆಲೆಯೂ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಹೊಸತಿಗೆ ಮನಸ್ಸು ಮಾಡುವವರು 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡ ತಂದ ಬದಲಾವಣೆಯನ್ನೂ ಅರಿತಿರಬೇಕು. ಈ ಡೀಸೆಲ್ ವಾಹನಗಳ ಹೊಗೆನಳಿಕೆಯ ಸೋಸುಕ ತನ್ನಲ್ಲಿ ಕೂಡಿದ ಮಸಿಯನ್ನು ಸುಟ್ಟುಕೊಳ್ಳಲು ಒಂದಷ್ಟು ಹೊತ್ತು ನಿರಂತರ ಓಟ, ತಕ್ಕ ವೇಗ ಬೇಕು. ಮಾರುಕಟ್ಟೆಯ ಬೀದಿಗಳಲ್ಲಿ ನಿಂತು ನಿಂತು ಸಾಗುವ, ದಿನಕ್ಕೆ ಹತ್ತಾರು ಬಾರಿ ಆರಿಸಿ ಹೊತ್ತಿಸುವ ವಾಹನಕ್ಕೆ ಆ ಅವಕಾಶವೇ ಸಿಗದೆ ಸೋಸುಕ ಕಟ್ಟಿಕೊಳ್ಳುತ್ತದೆ. ಹಳೆಯದನ್ನು ಬೀದಿಬದಿಯ ಮೇಸ್ತ್ರಿಯೂ ಸ್ಪ್ಯಾನರಿನಿಂದ ಸರಿಪಡಿಸುತ್ತಿದ್ದ. ಇದಕ್ಕೆ ಸ್ಕ್ಯಾನರ್ ಬೇಕು, ಬಿಡಿಭಾಗವೂ ದುಬಾರಿ. ಊರೊಳಗಿನ ವಿತರಣೆಗೆ ಪೆಟ್ರೋಲ್, ಸಿಎನ್‌ಜಿ ಅಥವಾ ವಿದ್ಯುತ್ ವಾಹನವೇ ಸರಿ. ಡೀಸೆಲ್ ದೂರದ ಓಟಕ್ಕಿರಲಿ. ದುರಸ್ತಿಗೂ ಹೊಸತಿಗೂ ನಡುವೆ ಮೂರನೆಯ ದಾರಿಯೊಂದಿದೆ: ಮೂರು ನಾಲ್ಕು ವರ್ಷ ಬಳಸಿದ ವಾಹನ. ಬೆಲೆ ಕುಸಿತದ ದೊಡ್ಡ ಪಾಲನ್ನು ಮೊದಲ ಮಾಲೀಕ ಹೊತ್ತಿರುತ್ತಾನೆ. ಪೇಟೆಯ ಸಣ್ಣ ವ್ಯಾಪಾರಿಗೆ ಬಹುಪಾಲು ಸಂದರ್ಭಗಳಲ್ಲಿ ಇದೇ ಯೋಗ್ಯವಾದುದು. ಸರ್ವಿಸ್ ದಾಖಲೆ ನೋಡದೆ ಕೊಳ್ಳಬಾರದಷ್ಟೆ.

ಕೊನೆಗೆ ವಿಲೇವಾರಿಯ ವಿಷಯ. 2021ರ ನಿಯಮಗಳಂತೆ ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನ ಒಪ್ಪಿಸಿದರೆ ದೊರೆಯುವ ಠೇವಣಿ ಪ್ರಮಾಣಪತ್ರದ ಆಧಾರದ ಮೇಲೆ ಹೊಸ ವಾಹನದ ಮೋಟಾರು ತೆರಿಗೆಯಲ್ಲಿ ಸ್ವಂತ ಬಳಕೆಯ ವಾಹನಕ್ಕೆ ಶೇ. 25ರವರೆಗೆ, ಸಾರಿಗೆ ವಾಹನಕ್ಕೆ ಶೇ. 15ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮ ಅವಕಾಶ ಕಲ್ಪಿಸಿದೆ. ಆದರೂ ವರ್ತಕರು ಕೈಗೆ ನಗದು ಕೊಡುವ ಸ್ಥಳೀಯ ಗುಜರಿಗೇ ಮಾರುತ್ತಾರೆ. ಅಂತಹ ಕೇಂದ್ರ ತಮ್ಮೂರಿನಿಂದ ದೂರವಿದ್ದರೆ ಕೆಟ್ಟು ನಿಂತ ವಾಹನವನ್ನು ಸಾಗಿಸುವ ವೆಚ್ಚವೇ ಲಾಭವನ್ನು ನುಂಗುವುದರಿಂದ ಅವರನ್ನು ಪೂರ್ತಿ ದೂರಲಾಗದು. ಜಿಲ್ಲೆಗೊಂದು ಕೇಂದ್ರ ಬೇಕೆಂಬ ಬೇಡಿಕೆಯನ್ನು ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾಗಿದೆ. ಆದರೆ ಕಾಗದಪತ್ರ ಬದಲಾಯಿಸದೆ ಮಾರುವುದಕ್ಕೆ ಯಾವ ನೆಪವೂ ಸಲ್ಲದು. ಕೈಯಿಂದ ಕೈಗೆ ದಾಟಿದ ಕಾರೊಂದರ ಅಪಘಾತದಲ್ಲಿ, ಆರ್.ಟಿ.ಓ. ದಾಖಲೆಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು ಹದಿನಾಲ್ಕು ದಿನಗಳೊಳಗೆ ಫಾರಂ 29ರಲ್ಲಿ ತಿಳಿಸಬೇಕು. ಅದರ ಸ್ವೀಕೃತಿ ಕೈಸೇರುವ ತನಕ ವಾಹನದ ಕಡತವನ್ನು ಮುಚ್ಚಬಾರದು.