ಚಾಲಿ ಯಾವುದು, ಕೋಕಾ ಯಾವುದು: ಎಐಗೆ ಹೇಳುವವರು ಯಾರು?

ಕುಮಟಾ ಎಪಿಎಂಸಿಯಲ್ಲಿ ಅಡಿಕೆಗೆ ಒಂದೇ ರೇಟು ಎಂಬುದಿಲ್ಲ. ಹೊಸ ಚಾಲಿಗೆ ಒಂದು, ಹಳೆ ಚಾಲಿಗೆ ಇನ್ನೊಂದು. ಕೋಕಾ, ಚಿಪ್ಪು, ಫ್ಯಾಕ್ಟರಿ ಎಂಬ ಬಗೆಗಳಿಗೆ ಮತ್ತೆ ಬೇರೆ ಬೇರೆ. ಒಂದೇ ತೋಟದ, ಒಂದೇ ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಸುಲಿದು ಆರಿಸಿದ ಮೇಲೆ ಕ್ವಿಂಟಲಿಗೆ ಸಾವಿರಾರು ರೂಪಾಯಿ ಅಂತರ ಬೀಳುತ್ತದೆ. ತೋಟದ ಮನೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಆದರೆ ಈಗ ದರ ತಿಳಿಯಲು ಜನ ಮಂಡಿಗೆ ಫೋನು ಮಾಡುವ ಬದಲು ಮೊಬೈಲಿನಲ್ಲಿರುವ ಎಐ ಸಹಾಯಕನನ್ನು ಕೇಳತೊಡಗಿದ್ದಾರೆ. ಅದಕ್ಕೆ ಇದನ್ನೆಲ್ಲ ಯಾರೂ ಹೇಳಿಕೊಟ್ಟಿಲ್ಲ.

ಕುಮಟೆಯಲ್ಲಿರುವ ನನ್ನ ಭಾವ ಇಂಥದೊಂದು ಆಪ್‌ನಲ್ಲಿ ಅಡಿಕೆ ದರ ಕೇಳಿದಾಗ, ಆ ದಿನದ ಎಲ್ಲ ಬಗೆಗಳ ದರವನ್ನು ಕೂಡಿಸಿ ಭಾಗಿಸಿ ಒಂದು ಸರಾಸರಿ ಕೊಟ್ಟಿತು. “ಇದು ಚಾಲಿ ರೇಟೂ ಅಲ್ಲ, ಕೋಕಾ ರೇಟೂ ಅಲ್ಲ. ಈ ರೇಟಿಗೆ ಕುಮಟೆಲಿ ಯಾರು ಅಡಿಕೆ ತಗೊಳ್ತಾರೆ?” ಎಂದು ಭಾವ ಕೇಳಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಲೆಕ್ಕ ಮಾಡಬಾರದಿತ್ತು, ಅಷ್ಟೆ.

ಹೊನ್ನಾವರದ ಮನೆಯಲ್ಲಿ ಕೂತು ಸಾಫ್ಟ್‌ವೇರ್ ಕಂಪನಿಗಳಿಗೆ ಎಪಿಐ ಕೈಪಿಡಿ ಬರೆಯುವುದು ನನ್ನ ಉದ್ಯೋಗ. ಎಪಿಐ ಎಂದರೆ ಒಂದು ಕಂಪ್ಯೂಟರ್ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ಕಿಂಡಿ. ಮೊದಲು ಈ ಕೈಪಿಡಿ ಓದುತ್ತಿದ್ದವರು ಪ್ರೋಗ್ರಾಮರುಗಳು. ಅರ್ಥವಾಗದಿದ್ದರೆ ಅವರು ಪಕ್ಕದವರನ್ನು ಕೇಳುತ್ತಿದ್ದರು, ಇಮೇಲ್ ಹಾಕುತ್ತಿದ್ದರು, ಎರಡು ದಿನ ಪರೀಕ್ಷಿಸಿ ನೋಡುತ್ತಿದ್ದರು. ಈಗ ಎಐಯೂ ಓದುತ್ತದೆ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಎಐ ಮಾದರಿಗಳಿಗೆ ಎಪಿಐನಂಥ ಹೊರಗಿನ ಉಪಕರಣಗಳನ್ನು ಕರೆಯುವ ಸೌಲಭ್ಯ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಮುಕ್ತ ವಿಧಾನವನ್ನು ಬಿಡುಗಡೆ ಮಾಡಿತು. ಎರಡರಲ್ಲೂ ಪ್ರತಿ ಉಪಕರಣದ ಜೊತೆ ಸಾಮಾನ್ಯ ಮಾತಿನಲ್ಲಿ ಬರೆದ ಒಂದು ವಿವರಣೆ ಇರುತ್ತದೆ. ಯಾವ ಉಪಕರಣ ಕರೆಯಬೇಕು, ಏನು ಕೊಟ್ಟು ಕರೆಯಬೇಕು ಎಂದು ಎಐ ತೀರ್ಮಾನಿಸುವುದು ಮುಖ್ಯವಾಗಿ ಅದನ್ನು ಓದಿಯೇ. ವಿವರಣೆಯಲ್ಲಿಲ್ಲದ್ದನ್ನು ಅದು ಊಹಿಸಬಹುದು, ಊಹಿಸಿದ್ದನ್ನು ಖಚಿತ ದನಿಯಲ್ಲಿ ಹೇಳಲೂಬಹುದು.

ಕೇಂದ್ರ ಸರ್ಕಾರದ ಡೇಟಾ ಪೋರ್ಟಲ್‌ನಲ್ಲಿ ದೇಶದ ಮಾರುಕಟ್ಟೆಗಳ ದಿನದ ದರ ಕೊಡುವ ಎಪಿಐ ಇದೆ. ಮಾಹಿತಿ ಬರುವುದು ಮಾರುಕಟ್ಟೆ ದರ ಸಂಗ್ರಹಿಸುವ ಸರ್ಕಾರಿ ಜಾಲವಾದ ಅಗ್‌ಮಾರ್ಕ್‌ನೆಟ್‌ನಿಂದ. ಒಂದೊಂದು ಸಾಲಿನಲ್ಲೂ ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ತಳಿ (ಅಡಿಕೆಯಲ್ಲಿ ಚಾಲಿ, ಕೋಕಾದಂಥ ಬಗೆ), ದಿನಾಂಕ, ಕನಿಷ್ಠ, ಗರಿಷ್ಠ ಮತ್ತು ಮೋಡಲ್ ದರ ಇರುತ್ತವೆ. ಎಲ್ಲರಿಗೂ ಸಿಗುವಂತೆ ಇಷ್ಟನ್ನು ತೆರೆದಿಟ್ಟಿರುವುದು ದೊಡ್ಡ ಕೆಲಸ. ಆದರೆ ಎಐ ಕಣ್ಣಿನಿಂದ ಆ ಸಾಲನ್ನು ಓದಿ ನೋಡಿ. ಮೋಡಲ್ ಎಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರ, ಸರಾಸರಿ ಅಲ್ಲ. ದರ ಕ್ವಿಂಟಲಿಗೆ. ಭಟ್ಕಳದಿಂದ ತೆಂಕಕ್ಕೆ ಇಳಿದು ಮಂಗಳೂರು ಕಡೆ ಹೋದರೆ ಬೆಳೆಗಾರರು ಕಿಲೋ ಲೆಕ್ಕದಲ್ಲಿ ಮಾತಾಡುತ್ತಾರೆ. 07/08 ಎಂದರೆ ಇಲ್ಲಿ ಆಗಸ್ಟ್ 7; ಅಮೆರಿಕದ ಬರಹ ಓದಿ ಕಲಿತ ಯಂತ್ರಕ್ಕೆ ಅದು ಜುಲೈ 8 ಎಂದೂ ಕಂಡೀತು. ಪರೀಕ್ಷೆಗೆಂದು ಕೊಡುವ ಮಾದರಿ ಎಪಿಐ ಕೀಲಿ ಬಳಸಿದರೆ ಹತ್ತೇ ಸಾಲು ಬರುತ್ತವೆ. ಆ ಹತ್ತರಲ್ಲಿ ಕುಮಟಾ ಇಲ್ಲದಿದ್ದರೆ ಕುಮಟೆಯಲ್ಲಿ ವ್ಯಾಪಾರವೇ ನಡೆದಿಲ್ಲ ಎಂದು ಹೇಳಿಬಿಡುವ ಅಪಾಯವಿದೆ.

ನನ್ನನ್ನು ಹೆಚ್ಚು ಕಾಡುವುದು ಈ ಖಾಲಿ ಉತ್ತರ. ಮಾರುಕಟ್ಟೆಗೆ ರಜೆಯೇ? ದರವನ್ನು ಇನ್ನೂ ಪೋರ್ಟಲ್‌ಗೆ ಹಾಕಿಲ್ಲವೇ? ಕೇಳಿದ ಹೆಸರಿನ ಕಾಗುಣಿತ ತಪ್ಪಿತೇ? ಮೂರಕ್ಕೂ ಬರುವ ಉತ್ತರ ಒಂದೇ ಆದರೆ ಯಂತ್ರ ಏನು ಮಾಡಬೇಕು?

ಅಡಿಕೆಯಲ್ಲಾದರೆ ನಷ್ಟ ದುಡ್ಡಿನದು. ಸಮುದ್ರದ ಮಾತು ಬೇರೆ. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಉಪಗ್ರಹದಿಂದ ಕಡಲ ಮೇಲ್ಮೈಯ ತಾಪಮಾನ ಮತ್ತು ಕ್ಲೋರೊಫಿಲ್ ಪ್ರಮಾಣ ಅಳೆದು, ಮೀನು ಸಿಗಬಹುದಾದ ಜಾಗದ ಸೂಚನೆ ಕೊಡುತ್ತದೆ. ಅಲೆಯ ಎಚ್ಚರಿಕೆಯೂ ಅಲ್ಲಿಂದಲೇ ಬರುತ್ತದೆ. ಮೀನಿನ ಸೂಚನೆಯಲ್ಲಿ ದಿಕ್ಕು, ಕಿಲೋಮೀಟರಿನಲ್ಲಿ ದೂರ, ಮೀಟರಿನಲ್ಲಿ ಆಳ ಇರುತ್ತದೆ. ಕಾಸರಕೋಡಿನಿಂದಲೋ ತದಡಿಯಿಂದಲೋ ಭಟ್ಕಳದ ಮಾವಿನಕುರ್ವೆಯಿಂದಲೋ ಹೊರಡುವ ದೋಣಿಯವರಿಗೆ ಆಳ ಎಂದರೆ ಮಾರು, ದೂರ ಎಂದರೆ ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಅಳತೆಯ ಹೆಸರು ಬಿಟ್ಟುಹೋದರೆ ಡೀಸೆಲ್ ಲೆಕ್ಕ ಹೆಚ್ಚುಕಮ್ಮಿ ಇಮ್ಮಡಿ ತಪ್ಪುತ್ತದೆ.

ಅಲ್ಲೂ ಖಾಲಿ ಉತ್ತರದ ಪ್ರಶ್ನೆ ಇದ್ದೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ಮೀನಿನ ಸೂಚನೆ ಬರುವುದಿಲ್ಲ. ಉಳಿದ ತಿಂಗಳಲ್ಲಿ ಮೋಡ ಕವಿದರೆ ಉಪಗ್ರಹಕ್ಕೆ ಕಡಲೇ ಕಾಣುವುದಿಲ್ಲ. ಕಡಲು ಪ್ರಕ್ಷುಬ್ಧವಾಗಿದ್ದಾಗಲೂ ಸೂಚನೆ ನಿಲ್ಲುತ್ತದೆ. “ಇವತ್ತು ಸೂಚನೆ ಇಲ್ಲ” ಎಂಬ ಒಂದೇ ಮಾತಿನ ಹಿಂದೆ ಕಾನೂನು, ಮೋಡ, ಅಪಾಯ ಮೂರೂ ಇರಬಹುದು. ನಿಷೇಧದ ಕಾಲದಲ್ಲೂ ಕಡಲಿಗಿಳಿಯುವ ನಾಡದೋಣಿಯವನಿಗೆ ಇದರಲ್ಲಿ ಯಾವುದು ಎಂದು ತಿಳಿಯಲೇಬೇಕು. ಹಾಗಾಗಿ ಉತ್ತರ ಖಾಲಿ ಇದ್ದಾಗಲೂ ಕಾರಣದ ಒಂದು ಸಾಲು ಅದರೊಳಗೆ ಬರಬೇಕು. ಆ ಕಾರಣ ಕಂಡರೆ ಏನು ಹೇಳಬೇಕು, ಏನು ಹೇಳಕೂಡದು ಎಂಬುದನ್ನೂ ಉಪಕರಣದ ವಿವರಣೆಯಲ್ಲೇ ಬರೆದಿಡಬೇಕು.

ಉದ್ದುದ್ದ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಉದ್ದ ಹೆಚ್ಚಾದರೆ ಮುಖ್ಯವಾದದ್ದು ಅದರಲ್ಲೇ ಮುಳುಗಿಹೋಗುತ್ತದೆ. ಅಡಿಕೆ ದರದ ಉಪಕರಣಕ್ಕೆ ನಾನಾದರೆ ಹೀಗೆ ಬರೆದೇನು: “ಒಂದು ಮಾರುಕಟ್ಟೆಯ, ಒಂದು ತಳಿಯ, ಒಂದು ದಿನದ ದರ ಕೊಡುತ್ತದೆ. ರೂಪಾಯಿ, ಕ್ವಿಂಟಲಿಗೆ. ದಿನಾಂಕ: ದಿನ/ತಿಂಗಳು/ವರ್ಷ. ಬಳಕೆದಾರ ತಳಿ ಹೇಳದಿದ್ದರೆ ಚಾಲಿಯೋ ಕೋಕಾವೋ ಎಂದು ಕೇಳು. ತಳಿಗಳ ಸರಾಸರಿ ತೆಗೆಯಬೇಡ. ಸಾಲು ಬರದಿದ್ದರೆ ದರ ವರದಿಯಾಗಿಲ್ಲ ಎಂದಷ್ಟೇ ಹೇಳು. ಹಿಂದಿನ ದಿನದ ದರವನ್ನು ಇಂದಿನದೆಂದು ಕೊಡಬೇಡ.” ತಪ್ಪು ಸಂದೇಶವೂ ಹಾಗೆಯೇ ಇರಬೇಕು. ‘ಎರರ್ 400’ ಎಂದರೆ ಯಂತ್ರ ಅದನ್ನೇ ಮತ್ತೆ ಮತ್ತೆ ಕೇಳುತ್ತ ಕೂರಬಹುದು. ‘ದಿನಾಂಕವನ್ನು ದಿನ/ತಿಂಗಳು/ವರ್ಷ ಎಂದು ಕೊಡಿ’ ಎಂದರೆ ಮುಂದಿನ ಸಲವೇ ತಿದ್ದಿಕೊಳ್ಳುತ್ತದೆ.

ಈ ಮಾತುಗಳು ದೆಹಲಿಯ ಡೇಟಾ ಕೇಂದ್ರದಲ್ಲಿ ಹುಟ್ಟುವಂಥವಲ್ಲ. ಹಳೆ ಚಾಲಿ ಎಂದರೆ ಹಿಂದಿನ ವರ್ಷದ ದಾಸ್ತಾನು ಎಂಬುದು ಯಾರ್ಡಿನ ಗುಮಾಸ್ತರಿಗೆ ಗೊತ್ತು. ಮೂರು ಮೀಟರ್ ಅಲೆ ನಾಡದೋಣಿಗೆ ಏನು ಮಾಡುತ್ತದೆ ಎಂಬುದು ದೋಣಿ ನಡೆಸುವ ತಾಂಡೇಲರಿಗೆ ಗೊತ್ತು. ಕೃಷಿ ಮಾರಾಟ ಇಲಾಖೆ ಮತ್ತು ಮೀನುಗಾರಿಕೆ ಇಲಾಖೆ ಇಂಥವರನ್ನು ಗೌರವಧನ ಕೊಟ್ಟು ಕೂರಿಸಿಕೊಳ್ಳಲಿ, ಪಕ್ಕದಲ್ಲಿ ನನ್ನಂಥ ಕೈಪಿಡಿ ಬರೆಯುವವರೂ ಇರಲಿ. ಕರಡು ಕನ್ನಡದಲ್ಲಿ ಮೊದಲಾಗಲಿ, ಇಂಗ್ಲಿಷ್ ಆಮೇಲೆ ಬರಲಿ. ಬರೆದದ್ದನ್ನು ಎಐಗೆ ಕೊಟ್ಟು, ಭಟ್ಕಳ, ಹೊನ್ನಾವರ, ಕುಮಟೆಯ ಜನ ದಿನಾ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಕೇಳಿಸಿ, ಉತ್ತರ ತಪ್ಪಿದಲ್ಲೆಲ್ಲ ವಿವರಣೆಯನ್ನು ತಿದ್ದಬೇಕು. ಕುಮಟಾ ಯಾರ್ಡಿನ ಐದು ಅಡಿಕೆ ತಳಿಗಳಿಂದ ಇದನ್ನು ಶುರುಮಾಡಬಹುದು. ಹೊಸ ಚಾಲಿ ಮಾರುಕಟ್ಟೆಗೆ ಬರುವ ಮೊದಲೇ ಮುಗಿಸಬಹುದಾದ ಕೆಲಸ ಅದು.