ಗ್ರೀನ್‌ಲ್ಯಾಂಡ್‌ನಿಂದ ಊರಿಗಾಂವರೆಗೆ: ನಕ್ಷೆ ಬರೆದವರು ಯಾರು?

2025ರ ಆಗಸ್ಟ್‌ನಲ್ಲಿ ಆಫ್ರಿಕನ್ ಒಕ್ಕೂಟ ಒಂದು ಅಭಿಯಾನಕ್ಕೆ ದನಿಗೂಡಿಸಿತು. ಶಾಲೆ, ಕಚೇರಿಗಳ ಗೋಡೆಯಿಂದ ಮರ್ಕೇಟರ್ ನಕ್ಷೆ ಇಳಿಸಿ, ಖಂಡಗಳ ಗಾತ್ರವನ್ನು ಇದ್ದಂತೆ ತೋರಿಸುವ 'ಈಕ್ವಲ್ ಅರ್ತ್' ನಕ್ಷೆ ಹಾಕಿ ಎನ್ನುವುದು ಅದರ ಬೇಡಿಕೆ. ಅಲ್ಲೆಲ್ಲೋ ನಡೆಯೋ ಈ ಜಗಳ ನಮಗ್ಯಾಕೆ ಅಂತ ಕೇಳಬಹುದು. ಚಿನ್ನದ ಗಣಿಯ ಊರಿನವನಾದ ನನಗೆ ಇದು ನಮ್ಮ ಮನೆಯ ಜಗಳದಂತೆಯೇ ಕಾಣುತ್ತದೆ.

ಮರ್ಕೇಟರ್ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದು. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು. ನಮ್ಮ ಭಾರತವೂ ಗ್ರೀನ್‌ಲ್ಯಾಂಡ್‌ನ ಒಂದೂವರೆ ಪಟ್ಟು ಇದೆ, ಆದರೆ ನಕ್ಷೆ ನೋಡಿದ ಯಾವ ಮಗುವೂ ಅದನ್ನು ನಂಬೋದಿಲ್ಲ. 1569ರಲ್ಲಿ ಮರ್ಕೇಟರ್ ಇದನ್ನು ಬರೆದದ್ದು ಹಡಗಿನವರಿಗಾಗಿ. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಹೋಗುವ ದಾರಿ ಅದರಲ್ಲಿ ನೇರ ಗೆರೆಯಾಗುತ್ತದೆ. ಅದಕ್ಕೆ ತೆತ್ತ ಬೆಲೆ ಅಂದರೆ ಧ್ರುವಗಳತ್ತ ಹೋದಷ್ಟೂ ನೆಲ ಉಬ್ಬುತ್ತದೆ. ಸಮುದ್ರಕ್ಕೆಂದು ಮಾಡಿದ್ದನ್ನು ಪಾಠದ ಕೋಣೆಗೆ ತಂದು ನೇತುಹಾಕಿದವರು ಬೇರೆ. ಯುರೋಪು ಅದರಲ್ಲಿ ದೊಡ್ಡದಾಗಿ ಕಾಣೋದರಿಂದ ಅದನ್ನು ಇಳಿಸುವ ಅವಸರ ಅವರಿಗ್ಯಾರಿಗೂ ಇರಲಿಲ್ಲ.

ಈಗ ನಮ್ಮೂರಿಗೆ ಬರೋಣ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರನ್ನು ಕತ್ತರಿಸಿ ಹಂಚಲಾಯಿತು. ಕತ್ತರಿಸಿದ್ದು ಎಲ್ಲಿಂದ ಎಲ್ಲಿಗೆ ಎಂದು ಗುರುತು ಹಾಕಬೇಕಲ್ಲ? ಹಾಗೆ 1802ರಲ್ಲಿ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್‌ನ ಕಿವಿಗೆ ಇಲ್ಲಿನ ಮಣ್ಣಲ್ಲಿ ಚಿನ್ನ ಇದೆ ಎಂಬ ಮಾತು ಬಿತ್ತು. ತೋರಿಸಿದವರಿಗೆ ಬಹುಮಾನ ಎಂದ. ಊರಿಗಾಂನ ಜನ ಗಾಡಿಯಲ್ಲಿ ಮಣ್ಣು ತಂದು, ಅವನ ಕಣ್ಣೆದುರೇ ತೊಳೆದು, ಚಿನ್ನದ ಪುಡಿ ತೋರಿಸಿದರು. ಮಾರಿಕುಪ್ಪಂ ಕಡೆ ಹಳೇ ಗುಂಡಿಗಳಿಗೆ ಇಳಿದು ಕಲ್ಲು ತರುವವರೂ ಇದ್ದರು. ಇಷ್ಟಾದರೂ ಚಿನ್ನ 'ಕಂಡುಹಿಡಿದವನು' ವಾರನ್. ಮಣ್ಣು ತೊಳೆದವರ ಹೆಸರು ಯಾರಿಗೂ ಗೊತ್ತಿಲ್ಲ.

ಆ ವರದಿಯ ಜಾಡು ಹಿಡಿದೇ 1870ರ ದಶಕದಲ್ಲಿ ಲಾವೆಲ್ ಬಂದ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್. ಬೌರಿಂಗ್ ಎಂಬ ಕಮಿಷನರ್ ಹೆಸರಲ್ಲಿ ಬೌರಿಂಗ್‌ಪೇಟೆ, ಅದೇ ಇಂದಿನ ಬಂಗಾರಪೇಟೆ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ ಹಾಗೇ ಉಳಿದಿವೆ. ಉತ್ತರ ಆರ್ಕಾಟಿನಿಂದ ಬಂದು ಗಣಿಗಿಳಿದ ದಲಿತ ಕುಟುಂಬಗಳ ಹಟ್ಟಿಗಳಿಗೆ ಸಿಕ್ಕಿದ್ದು 'ಲೈನ್' ಅನ್ನೋ ಹೆಸರು.

ಇನ್ನೊಂದು ತಮಾಷೆ. ಗಣಿಯೊಳಗಿನ ನಕ್ಷೆ ಬಲು ಕರಾರುವಾಕ್ಕು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ. ಅಲ್ಲಿ ಪ್ರತಿ ಹಂತಕ್ಕೂ, ಪ್ರತಿ ಸುರಂಗಕ್ಕೂ ಅಳತೆ ಇರಲೇಬೇಕು, ಅದಿರು ಎಲ್ಲಿದೆ ಅಂತ ಗೊತ್ತಾಗಬೇಕಲ್ಲ. ಮೇಲೆ ಬದುಕುವವರ ಅಳತೆ ಯಾರಿಗೆ ಬೇಕಿತ್ತು? ಹೊರಗಿನವರಿಗಂತೂ ಈಗ ಕೆಜಿಎಫ್ ಅಂದರೆ ಸಿನಿಮಾದ ಕೆಜಿಎಫ್.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋದರೂ ಜನ ಹೋಗಲಿಲ್ಲ. ಆದರೆ ಭಾರತ್ ಗೋಲ್ಡ್ ಮೈನ್ಸ್‌ನ ಆಸ್ತಿ ನಕ್ಷೆಯಲ್ಲಿ ಅವರ ಮನೆ ಇಂದಿಗೂ ಕಂಪನಿ ಕ್ವಾರ್ಟರ್ಸು. ಹಕ್ಕುಪತ್ರ ಕೊಡಿ ಎಂಬ ಕೂಗು ಗಣಿ ಮುಚ್ಚಿದಾಗಿನಿಂದ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದ್ದು ಬೇರೆಯದಕ್ಕೆ: ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ 13 ಸೈನೈಡ್ ದಿಬ್ಬಗಳನ್ನು ಮತ್ತೆ ಸೋಸಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ.

ನಾನು ಇದರ ವಿರೋಧಿಯಲ್ಲ. ಬೇಸಿಗೆ ಗಾಳಿಗೆ ದಿಬ್ಬದ ಪುಡಿ ಅನ್ನದ ತಟ್ಟೆಗೆ ಬಂದು ಬೀಳುವ ಊರಲ್ಲಿ ದಿಬ್ಬ ಹೋದರೆ ಒಳ್ಳೆಯದೇ, ಒಂದಷ್ಟು ಹುಡುಗರಿಗೆ ಕೆಲಸವೂ ಸಿಗಬಹುದು. ಆದರೆ ದಿಬ್ಬಕ್ಕೆ ಅಂಟಿಕೊಂಡೇ ಲೈನ್ ಮನೆಗಳಿವೆ. ಲಾರಿ ಓಡಾಡೋದು ಯಾವ ಬೀದಿಯಲ್ಲಿ, ತೊಳೆದ ನೀರು ಹರಿಯೋದು ಯಾವ ಕಡೆ? ಟೆಂಡರ್ ಕಾಗದದ ಜೊತೆ ಲಗತ್ತಿಸುವ ನಕ್ಷೆಯಲ್ಲಿ ಆ ಮನೆಗಳೂ ಇರಬೇಕು, ಒಂದೊಂದಾಗಿ, ಅಲ್ಲಿರುವವರ ಹೆಸರಿನ ಸಮೇತ. ಅಳತೆಗೆ ಬರುವವರು ಮೊದಲು ಲೈನ್‌ಗಳಿಗೆ ಬರಲಿ, ದಿಬ್ಬ ಆಮೇಲೆ.